ಗ್ರ್ಯಾಂಡ್ ಎಕ್ಸ್‌ಚೇಂಜ್: ದರ ತಿಳಿಯದವನಿಗೂ ನ್ಯಾಯ ಸಿಗುವ ಕಟ್ಟೆ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ, ಬಹಳ ಜನ ಒಟ್ಟಿಗೆ ಆಡುವ ಆನ್‌ಲೈನ್ ಆಟದಲ್ಲಿ ವ್ಯಾರಕ್ ಎಂಬ ನಗರದ ವಾಯವ್ಯ ಭಾಗದಲ್ಲಿ ಗೋಡೆ ಕಟ್ಟಿದ ಒಂದು ಅಂಗಳವಿದೆ. ಅದರ ನಡುವಿನ ಕಟ್ಟೆಯ ಸುತ್ತ ಬ್ಯಾಂಕಿನವರೂ ಗುಮಾಸ್ತರೂ ನಿಂತಿರುತ್ತಾರೆ, ಮತ್ತು ಯಾವ ಹೊತ್ತಿನಲ್ಲಿ ಹೋದರೂ ಅಲ್ಲಿ ಆಟಗಾರರ ಸಂದಣಿ ಇದ್ದೇ ಇರುತ್ತದೆ. ಈ ಆಟದ ಮಾರುಕಟ್ಟೆಯಾದ ಗ್ರ್ಯಾಂಡ್ ಎಕ್ಸ್‌ಚೇಂಜ್ ಇದೇ. 2018ರ ಅಕ್ಟೋಬರ್‌ನಲ್ಲಿ ಆಟ ಮೊಬೈಲಿಗೆ ಬಂದಂದಿನಿಂದ ನಾನು ಇಲ್ಲಿ ಮೀನು, ಮೂಳೆ, ಮರದ ದಿಮ್ಮಿಗಳಿಂದ ಹಿಡಿದು ದುಬಾರಿ ಆಯುಧಗಳವರೆಗೆ ಕೊಂಡಿದ್ದೇನೆ, ಮಾರಿದ್ದೇನೆ. ಬೇರೆ ಆಟಗಳ ಹರಾಜು ಮನೆಗಳಲ್ಲಿಯೂ ವ್ಯವಹರಿಸಿದ್ದೇನೆ. ದರ ತಿಳಿಯದೆ ಬಂದ ಹೊಸಬನನ್ನು ಇಷ್ಟು ಚೆನ್ನಾಗಿ ಕಾಪಾಡುವ ಮಾರುಕಟ್ಟೆಯನ್ನು ನಾನು ಇನ್ನೊಂದು ಆಟದಲ್ಲಿ ಕಂಡಿಲ್ಲ. ಆ ಕಾಪು ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಈ ವಿಮರ್ಶೆಯ ಉದ್ದೇಶ.

ಬಳಸುವ ಕ್ರಮ ಸರಳವಾಗಿದೆ. ಗುಮಾಸ್ತನನ್ನು ಮಾತನಾಡಿಸಿದರೆ ಸ್ಲಾಟ್‌ಗಳ ಸಾಲೊಂದು ತೆರೆದುಕೊಳ್ಳುತ್ತದೆ; ಚಂದಾದಾರರಿಗೆ ಎಂಟು ಸ್ಲಾಟ್‌ಗಳು, ಉಚಿತವಾಗಿ ಆಡುವವರಿಗೆ ಮೂರು. ಒಂದು ಸ್ಲಾಟಿಗೆ ಒಂದು ಆಫರ್. ಯಾವ ವಸ್ತು, ಎಷ್ಟು, ಒಂದಕ್ಕೆ ಏನು ದರ ಎಂದು ನಮೂದಿಸಿ ಒಪ್ಪಿಗೆ ಕೊಟ್ಟರೆ ಕೊಳ್ಳುವವನ ನಾಣ್ಯಗಳು ಅಥವಾ ಮಾರುವವನ ವಸ್ತುಗಳು ಆ ಕ್ಷಣವೇ ಕಟ್ಟೆಯ ವಶಕ್ಕೆ ಹೋಗುತ್ತವೆ. ಎದುರಿನವನು ಯಾವ ವರ್ಲ್ಡ್‌ನಲ್ಲಿ, ಅಂದರೆ ಆಟದ ಯಾವ ಸರ್ವರ್‌ನಲ್ಲಿ, ಆಡುತ್ತಿದ್ದರೂ, ಲಾಗ್ ಔಟ್ ಆಗಿ ನಿದ್ದೆ ಮಾಡುತ್ತಿದ್ದರೂ ಆಫರ್‌ಗಳು ತಾವಾಗಿ ಕೂಡುತ್ತವೆ, ಮತ್ತು ಬಂದದ್ದನ್ನು ಮರುದಿನ ಯಾವುದೇ ಊರಿನ ಬ್ಯಾಂಕಿನಿಂದ ಪಡೆದುಕೊಳ್ಳಬಹುದು. ಸರ್ವರ್ ದೂರದ ದೇಶದಲ್ಲಿರುವುದರಿಂದ ಕಾಳಗದಲ್ಲಿ ಕ್ಷಣ ತಡವಾಗಿ ಸೋಲುವ ನಮ್ಮ ಕಡೆಯ ಆಟಗಾರರಿಗೆ, ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ, ಎಷ್ಟಿದ್ದರೂ ಎಲ್ಲರಷ್ಟೇ ಸಮಾನರಾಗಿ ನಿಲ್ಲಬಹುದಾದ ಜಾಗ ಈ ಕಟ್ಟೆ.

ಇದನ್ನು ರೂಢಿಯಲ್ಲಿ ಹರಾಜು ಮನೆ ಎನ್ನುತ್ತಾರಾದರೂ ಇಲ್ಲಿ ಸವಾಲು ಕೂಗುವವರಿಲ್ಲ. ನಿಯಮ ಒಂದೇ: ಮೊದಲು ಬಂದು ಕಾದು ಕುಳಿತಿರುವ ಆಫರಿನ ದರವೇ ವ್ಯವಹಾರದ ದರ. ಒಂದು ವಸ್ತುವನ್ನು ಯಾರೋ 1,000 ನಾಣ್ಯಕ್ಕೆ ಮಾರಲು ಇಟ್ಟಿದ್ದಾರೆ ಎಂದುಕೊಳ್ಳೋಣ. ದರ ಗೊತ್ತಿಲ್ಲದ ನಾನು 1,200 ಕೊಡುತ್ತೇನೆ ಎಂದು ನಮೂದಿಸಿದರೆ ವಸ್ತು 1,000ಕ್ಕೇ ಸಿಗುತ್ತದೆ, ಉಳಿದ 200 ನನಗೆ ಮರಳುತ್ತದೆ. ಅದೇ ರೀತಿ 1,100 ಕೊಡಲು ಸಿದ್ಧನಿರುವ ಕೊಳ್ಳುಗನೊಬ್ಬ ಕಾದಿರುವಾಗ ನಾನು ತಿಳಿಯದೆ 900ಕ್ಕೆ ಮಾರಲು ಇಟ್ಟರೆ ನನ್ನ ಕೈಗೆ ಬರುವುದು 1,100ರ ಲೆಕ್ಕವೇ. ನಾವು ನಮೂದಿಸುವ ಸಂಖ್ಯೆ ನಮ್ಮ ಮಿತಿಯಷ್ಟೇ ಆಗಿರುತ್ತದೆ. ನಿಜವಾದ ದರವನ್ನು ಸಾಲಿನಲ್ಲಿ ಮುಂದೆ ನಿಂತವನು ಆಗಲೇ ಹೇಳಿರುತ್ತಾನೆ. ಅಡಿಕೆಯನ್ನು ಮಂಡಿಗೆ ಹಾಕುವ ಮನೆಯಲ್ಲಿ ಬೆಳೆದ ನನಗೆ ಈ ವ್ಯತ್ಯಾಸ ಬೇಗ ಕಣ್ಣಿಗೆ ಬಿತ್ತು. ಟೆಂಡರ್‌ನಲ್ಲಿ ಹೆಚ್ಚು ದರ ಬರೆದ ವ್ಯಾಪಾರಿ ತಾನು ಬರೆದಷ್ಟನ್ನೂ ಕೊಡಲೇಬೇಕು. ಎರಡನೆಯವನು ಎಷ್ಟೇ ಕಡಿಮೆ ಬರೆದಿದ್ದರೂ ಮೊದಲನೆಯವನಿಗೆ ರಿಯಾಯಿತಿ ಇಲ್ಲ. ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ ಮಾತ್ರ ಅವಸರದವನ ತಪ್ಪು ಅಂದಾಜಿನ ಲಾಭ ಅವನಿಗೇ ಹಿಂದಿರುಗುತ್ತದೆ.

ಈ ಕಟ್ಟೆಯ ಹೊರಗೆ ನಡೆಯುವ ವ್ಯಾಪಾರವನ್ನು ನೋಡಿದರೆ ಈ ನಿಯಮದ ಬೆಲೆ ತಿಳಿಯುತ್ತದೆ. ಆರಂಭದ ದಿನಗಳಲ್ಲಿ ಅದೇ ಅಂಗಳದಲ್ಲಿ ನಿಂತಿದ್ದ ಆಟಗಾರನೊಬ್ಬ ಸ್ನೇಹದಿಂದ ಮಾತನಾಡಿಸಿ, ಗುಮಾಸ್ತನ ಬಳಿ ಸಾಲುಗಟ್ಟಲೆ ಸಿಗುತ್ತಿದ್ದ ಒಂದು ಕವಚವನ್ನು ಮೂರು ಪಟ್ಟು ದರಕ್ಕೆ ಕೈಯಿಂದ ಕೈಗೆ ನನಗೆ ಮಾರಿದ. ನಾನು ಒಂದು ವಾರ ಮೀನು ಹಿಡಿದು ಕೂಡಿಟ್ಟಿದ್ದ ನಾಣ್ಯಗಳು ಅವು. ನೇರ ವ್ಯಾಪಾರದ ಪರದೆ ಎರಡು ಬಾರಿ ಒಪ್ಪಿಗೆ ಕೇಳುತ್ತದೆ, ಎದುರಿನವನು ಕೊನೆ ಗಳಿಗೆಯಲ್ಲಿ ವಸ್ತು ಬದಲಿಸಿದರೆ ಎಚ್ಚರಿಸುತ್ತದೆ. ಆದರೆ ದರವೇ ತಪ್ಪಾಗಿದ್ದರೆ ಯಾವ ಪರದೆಯೂ ಕಾಪಾಡಲಾರದು. ಕಟ್ಟೆಯಲ್ಲಿ ಎದುರಿನವನ ಮುಖವೂ ಹೆಸರೂ ಕಾಣುವುದಿಲ್ಲವಾದ್ದರಿಂದ ಮಾತಿನಿಂದ ಮರುಳು ಮಾಡುವ ದಾರಿಯೇ ಅಲ್ಲಿಲ್ಲ.

ಈ ವ್ಯವಸ್ಥೆ ಈಗಿನ ರೂಪಕ್ಕೆ ಬರುವ ಮೊದಲು ದೊಡ್ಡದೊಂದು ತಪ್ಪು ದಾರಿಯಲ್ಲಿ ನಡೆದು ಬಂದಿದೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಸಂಸ್ಥೆಯ ಮೂಲ ಆಟವಾದ ರೂನ್‌ಸ್ಕೇಪ್ ಆರಂಭವಾದದ್ದು 2001ರ ಜನವರಿಯಲ್ಲಿ. ಮೊದಲ ಆರೇಳು ವರ್ಷ ಅಲ್ಲಿ ಮಾರುಕಟ್ಟೆ ಎಂದರೆ ವ್ಯಾರಕ್‌ನ ಪಶ್ಚಿಮ ಬ್ಯಾಂಕಿನ ಮುಂದಿನ ಬೀದಿ. ಮಾರುವವರು ಅಕ್ಷರಗಳಿಗೆ ಬಣ್ಣ ಹಚ್ಚಿ, ಅಲೆಯಂತೆ ಕುಣಿಸಿ, ತಾವು ಏನು ಮಾರುತ್ತಿದ್ದೇವೆ ಎಂದು ಮತ್ತೆ ಮತ್ತೆ ಕೂಗುತ್ತಿದ್ದರು. ಸಾವಿರ ದಿಮ್ಮಿ ಮಾರಲು ಅರ್ಧ ದಿನ ಅಲ್ಲಿ ನಿಲ್ಲಬೇಕಾಗುತ್ತಿತ್ತು. 2007ರ ನವೆಂಬರ್ 26ರಂದು ಗ್ರ್ಯಾಂಡ್ ಎಕ್ಸ್‌ಚೇಂಜ್ ತೆರೆಯಿತು. ಅದರ ಬೆನ್ನಿಗೇ, ಆಟದ ಚಿನ್ನವನ್ನು ನಿಜವಾದ ಹಣಕ್ಕೆ ಮಾರುವ ದಂಧೆಯನ್ನು ತಡೆಯಲೆಂದು, ಆಟಗಾರರ ನಡುವಿನ ಮುಕ್ತ ವ್ಯಾಪಾರಕ್ಕೆ ಸಂಸ್ಥೆ ಕಟ್ಟುನಿಟ್ಟಿನ ಮಿತಿ ಹೇರಿತು. ಆ ಕಾಲದ ಎಕ್ಸ್‌ಚೇಂಜ್‌ನಲ್ಲಿ ಪ್ರತಿ ವಸ್ತುವಿಗೂ ಒಂದು ಮಾರ್ಗದರ್ಶಿ ದರ ಇರುತ್ತಿತ್ತು, ಮತ್ತು ಅದಕ್ಕಿಂತ ಶೇ. 5ರಷ್ಟು ಮೇಲೆ ಅಥವಾ ಕೆಳಗೆ ಮಾತ್ರ ಆಫರ್ ಇಡಬಹುದಾಗಿತ್ತು.

ದರಕ್ಕೆ ಬೇಲಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಆ ಮೂರು ವರ್ಷಗಳು ಒಳ್ಳೆಯ ಪಾಠ. ಪಾರ್ಟಿ ಹ್ಯಾಟ್‌ನಂಥ ಅಪರೂಪದ ವಸ್ತುಗಳ ನಿಜವಾದ ಬೇಡಿಕೆ ಮಾರ್ಗದರ್ಶಿ ದರವನ್ನು ದಾಟಿ ಎಷ್ಟೋ ಮುಂದೆ ಹೋಗಿತ್ತು. ಆ ದರಕ್ಕೆ ಕೊಳ್ಳುವವರು ಸಾವಿರ ಜನ, ಮಾರುವವರು ಯಾರೂ ಇಲ್ಲ. ಆಗ ಜನ ಒಂದು ಅಡ್ಡದಾರಿ ಹುಡುಕಿದರು. ಯಾರಿಗೂ ಬೇಡವಾದ, ಆದರೆ ಕಾಗದದ ಮೇಲೆ ಒಳ್ಳೆಯ ಮಾರ್ಗದರ್ಶಿ ದರವಿದ್ದ ಸರಕನ್ನು ಬೆಲೆಬಾಳುವ ವಸ್ತುವಿನ ಜೊತೆ ಕಟ್ಟಿ ಕೊಟ್ಟು ಲೆಕ್ಕ ಸರಿದೂಗಿಸುವುದು ಆ ದಾರಿ. ಇದನ್ನು ಆಟಗಾರರು ಜಂಕ್ ಟ್ರೇಡಿಂಗ್ ಎಂದೇ ಕರೆದರು. ಇನ್ನೊಂದು ಕಡೆ ಕ್ಲ್ಯಾನ್ ಎಂಬ ಕೆಲವು ಆಟಗಾರರ ಗುಂಪುಗಳು ಒಟ್ಟಾಗಿ ಒಂದೇ ವಸ್ತುವನ್ನು ಬಾಚಿ ಕೊಂಡು ಮಾರ್ಗದರ್ಶಿ ದರವನ್ನು ದಿನಕ್ಕಿಷ್ಟು ಮೇಲಕ್ಕೆ ತಳ್ಳಿ, ಮುಖಂಡರು ಮೊದಲು ಮಾರಿಕೊಂಡು ಹೊರಬಂದು, ಹಿಂಬಾಲಿಸಿದವರ ಕೈಯಲ್ಲಿ ಬೆಲೆ ಬಿದ್ದ ಸರಕನ್ನು ಉಳಿಸಿ ಹೋಗುತ್ತಿದ್ದರು. ಕೊನೆಗೆ ಆಟಗಾರರ ಮತ ಕೇಳಿದಾಗ ಶೇ. 90ಕ್ಕಿಂತ ಹೆಚ್ಚು ಜನ ಹಳೆಯ ಸ್ವಾತಂತ್ರ್ಯವೇ ಬೇಕೆಂದರು, ಮತ್ತು 2011ರ ಫೆಬ್ರುವರಿ 1ರಂದು ಮುಕ್ತ ವ್ಯಾಪಾರ ಮರಳಿತು.

2013ರ ಫೆಬ್ರುವರಿ 22ರಂದು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಬಂದಾಗ ಈ ಕಥೆ ಮತ್ತೊಮ್ಮೆ ಮೊದಲಿನಿಂದ ಶುರುವಾಯಿತು. ಅದಕ್ಕೆ ಬಳಸಿದ್ದು ಮೂಲ ಆಟದ 2007ರ ಆಗಸ್ಟ್ ತಿಂಗಳ ಪ್ರತಿ. ಅಂದರೆ ಎಕ್ಸ್‌ಚೇಂಜ್ ಹುಟ್ಟುವುದಕ್ಕೆ ಮೂರು ತಿಂಗಳು ಹಿಂದಿನ ಆಟ. ಜನ ಮತ್ತೆ ಬ್ಯಾಂಕಿನ ಮುಂದೆ ನಿಂತು ಕೂಗತೊಡಗಿದರು. ಈ ಆಟದಲ್ಲಿ ದೊಡ್ಡ ಬದಲಾವಣೆಗಳನ್ನು ಆಟಗಾರರ ಮತಕ್ಕೆ ಹಾಕುವ ಪದ್ಧತಿಯಿದೆ; ಆಗ ಶೇ. 75 ಒಪ್ಪಿಗೆ ಬೇಕಿತ್ತು. ಹಳೆಯ ಕಹಿ ನೆನಪಿದ್ದ ಅನೇಕರು ವಿರೋಧಿಸಿದರೂ ಪ್ರಸ್ತಾಪ ಗೆದ್ದು, 2015ರ ಫೆಬ್ರುವರಿ 26ರಂದು ಎಕ್ಸ್‌ಚೇಂಜ್ ಈ ಆಟಕ್ಕೂ ಬಂದಿತು. ಈ ಬಾರಿ ಶೇ. 5ರ ಬೇಲಿ ಇರಲಿಲ್ಲ. ಮಾರ್ಗದರ್ಶಿ ದರ ಈಗ ನಿಜವಾಗಿಯೂ ಮಾರ್ಗದರ್ಶಿ ಮಾತ್ರ. ಬೀದಿಯ ಮಾತುಕತೆ, ಚೌಕಾಸಿ, ನಿತ್ಯ ಕಾಣುತ್ತಿದ್ದ ವ್ಯಾಪಾರಿಗಳ ಪರಿಚಯ ಇವೆಲ್ಲ ಹೋದವೆಂದು ಹಳೆಯ ಆಟಗಾರರು ಇಂದಿಗೂ ಮರುಗುತ್ತಾರೆ. ಆ ಮರುಕ ನನಗೆ ಅರ್ಥವಾಗುತ್ತದೆ. ಆದರೂ ಆಡಲು ದಿನಕ್ಕೆ ಒಂದು ಗಂಟೆ ಮಾತ್ರ ಇರುವವನ ಕಡೆಯಿಂದ ನೋಡಿದಾಗ ಅದು ದುಬಾರಿ ಪರಿಚಯವೇ ಸರಿ.

ದರಕ್ಕೆ ಬೇಲಿಯಿಲ್ಲದಿದ್ದರೂ ಪ್ರಮಾಣಕ್ಕೆ ಬೇಲಿಯಿದೆ, ಮತ್ತು ಅದು ಇರಬೇಕಾದ ಜಾಗದಲ್ಲಿಯೇ ಇದೆ. ಪ್ರತಿ ವಸ್ತುವಿಗೂ ನಾಲ್ಕು ಗಂಟೆಗೆ ಇಷ್ಟೇ ಕೊಳ್ಳಬಹುದು ಎಂಬ ಮಿತಿಯಿದೆ. ಅಬಿಸಲ್ ವಿಪ್ ಎಂಬ ಆಯುಧಕ್ಕೆ 70, ಟ್ವಿಸ್ಟೆಡ್ ಬೋ ಎಂಬ ಬಿಲ್ಲಿಗೆ 8. ಮಾರುವುದಕ್ಕೆ ಇಂಥ ಮಿತಿಯಿಲ್ಲ. ಹಣವಂತನೊಬ್ಬ ಒಂದೇ ಸಂಜೆಯಲ್ಲಿ ಇಡೀ ಸರಕನ್ನು ಬಾಚಿಕೊಂಡು ಕೊರತೆ ಹುಟ್ಟಿಸುವುದನ್ನು ಈ ಒಂದು ನಿಯಮ ಬಹುಮಟ್ಟಿಗೆ ತಡೆಯುತ್ತದೆ. ಹಲವು ಖಾತೆಗಳನ್ನು ಇಟ್ಟುಕೊಂಡವರು ಇದನ್ನು ದಾಟುತ್ತಾರೆ ಎಂಬುದು ನಿಜ. ಆದರೆ ಸಾಮಾನ್ಯ ಆಟಗಾರನಿಗೆ ನಾಳೆ ಬೆಳಿಗ್ಗೆಯೂ ಮೀನು, ಬಾಣ, ಮದ್ದು ಸಿಗುತ್ತವೆ ಎಂಬ ಭರವಸೆ ಉಳಿದಿದೆ.

ತೆರಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಅಷ್ಟು ನಿರಾಳವಾಗಿಲ್ಲ. ಮೊದಲ ಸುಮಾರು ಏಳು ವರ್ಷ ಇಲ್ಲಿ ಯಾವ ಶುಲ್ಕವೂ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಮಾರುವವನಿಂದ ಶೇ. 1 ತೆರಿಗೆ ತೆಗೆದುಕೊಳ್ಳಲು ಆರಂಭಿಸಿದರು. 2025ರ ಮೇ ತಿಂಗಳಲ್ಲಿ ಅದು ಶೇ. 2 ಆಯಿತು. ಉದ್ದೇಶ ಸರಿಯಾಗಿಯೇ ಇದೆ. ರಾಕ್ಷಸರನ್ನು ಕೊಂದಷ್ಟೂ ಹೊಸ ವಸ್ತುಗಳು ಉದುರುತ್ತಲೇ ಇರುತ್ತವೆ. ಹೆಚ್ಚಿನ ಕತ್ತಿ, ಬಿಲ್ಲುಗಳು ಸವೆಯುವುದಿಲ್ಲ. ಹಾಗಾಗಿ ವರ್ಷಗಳು ಉರುಳಿದಂತೆ ಎಲ್ಲದರ ಬೆಲೆಯೂ ಕುಸಿಯಬೇಕು. ತೆರಿಗೆಯಾಗಿ ಬಂದ ನಾಣ್ಯದ ಒಂದು ಭಾಗದಿಂದ ಆಯ್ದ ವಸ್ತುಗಳನ್ನು ಇದೇ ಕಟ್ಟೆಯಲ್ಲಿ ಕೊಂಡು ಶಾಶ್ವತವಾಗಿ ಅಳಿಸಿಹಾಕುತ್ತಾರೆ. ತಿಂಗಳುಗಟ್ಟಲೆ ಹೋರಾಡಿ ಗಳಿಸಿದ ವಸ್ತುವಿಗೆ ಬೆಲೆ ಉಳಿಯಲು ಇದು ನೆರವಾಗಿದೆ. 50 ನಾಣ್ಯಕ್ಕಿಂತ ಅಗ್ಗದ ಸರಕಿಗೆ ತೆರಿಗೆ ಇಲ್ಲ, ಹೊಸಬರಿಗೆ ಬೇಕಾದ ಸುತ್ತಿಗೆ, ಉಳಿಯಂಥ ಕೆಲವು ಸಲಕರಣೆಗಳಿಗೂ ಇಲ್ಲ. ನನ್ನ ತಕರಾರು ಮೇಲಿನ ಮಿತಿಯ ಬಗ್ಗೆ. ಒಂದು ವಸ್ತುವಿಗೆ ತೆರಿಗೆ ಎಷ್ಟೇ ಆದರೂ 50 ಲಕ್ಷ ನಾಣ್ಯವನ್ನು ಮೀರುವುದಿಲ್ಲ. ಹಾಗಾಗಿ 25 ಕೋಟಿಯವರೆಗಿನ ವಸ್ತುವಿಗೆ ಪೂರ್ಣ ಶೇ. 2 ಬೀಳುತ್ತದೆ, ಆದರೆ ನೂರು ಕೋಟಿಗೂ ಹೆಚ್ಚು ಬೆಲೆಯ ಟ್ವಿಸ್ಟೆಡ್ ಬೋ ಮಾರುವವನು ಕೊಡುವುದು ಅರ್ಧ ಶೇಕಡಕ್ಕಿಂತ ಕಡಿಮೆ. ಸೊಪ್ಪು ಕಿತ್ತು ಮಾರುವವನು ಹೆಚ್ಚಿನ ಪಾಲು ಕೊಡುತ್ತಾನೆ, ಬಿಲ್ಲು ಮಾರುವವನು ಕಡಿಮೆ ಕೊಡುತ್ತಾನೆ. ಈ ಮಿತಿಯನ್ನು ಏರಿಸದೆ ದರವನ್ನಷ್ಟೇ ದುಪ್ಪಟ್ಟು ಮಾಡಿದ್ದು ನನಗೆ ಸರಿ ಕಾಣಲಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಯಾರು ಎಷ್ಟಕ್ಕೆ ಕೊಳ್ಳಲು, ಎಷ್ಟಕ್ಕೆ ಮಾರಲು ಕಾದಿದ್ದಾರೆ ಎಂಬ ಪಟ್ಟಿಯನ್ನು ಈ ಕಟ್ಟೆ ತೋರಿಸುವುದಿಲ್ಲ. ಕಾಣುವುದು ಮಾರ್ಗದರ್ಶಿ ದರ ಒಂದೇ, ಅದೂ ನಿಜವಾದ ದರಕ್ಕಿಂತ ಹಿಂದೆ ಉಳಿದಿರುತ್ತದೆ. ಹಾಗಾಗಿ ಫ್ಲಿಪ್ಪಿಂಗ್ ಮಾಡುವವರು, ಅಂದರೆ ಅಗ್ಗಕ್ಕೆ ಕೊಂಡು ಕೊಂಚ ಲಾಭಕ್ಕೆ ಮಾರುವವರು, ಒಂದು ಉಪಾಯ ಮಾಡುತ್ತಾರೆ. ಒಂದೇ ಒಂದು ವಸ್ತುವನ್ನು ಬೇಕೆಂದೇ ಹೆಚ್ಚು ದರ ನಮೂದಿಸಿ ಕೊಳ್ಳುತ್ತಾರೆ. ಚಿಲ್ಲರೆ ಮರಳಿ ಬಂದದ್ದನ್ನು ಕಳೆದರೆ ಮಾರುವವರ ಇಂದಿನ ಕನಿಷ್ಠ ದರ ತಿಳಿಯುತ್ತದೆ. ಅದನ್ನೇ ತೀರ ಕಡಿಮೆ ನಮೂದಿಸಿ ಮಾರಿದರೆ ಕೊಳ್ಳುವವರ ಗರಿಷ್ಠ ದರ ತಿಳಿಯುತ್ತದೆ. ಎರಡರ ನಡುವಿನ ಅಂತರ, ತೆರಿಗೆ ಕಳೆದು, ಅವರ ಲಾಭ. ಹೊಸಬನನ್ನು ಕಾಪಾಡುವ ಅದೇ ನಿಯಮ ಇಲ್ಲಿ ಜಾಣನಿಗೆ ಅಳತೆಗೋಲಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ರೂನ್‌ಲೈಟ್ ಎಂಬ ಕ್ಲೈಂಟ್ (ಆಟ ಆಡಲು ಬಳಸುವ ತಂತ್ರಾಂಶ) ಬಳಸುವವರ ವ್ಯವಹಾರಗಳನ್ನು ಆಧರಿಸಿ ಆಟದ ವಿಕಿ ತಕ್ಷಣದ ದರಗಳನ್ನು ಪ್ರಕಟಿಸುತ್ತಿದೆ, ಮತ್ತು ಅನುಭವಿಗಳೆಲ್ಲ ನೋಡುವುದು ಅದನ್ನೇ. ಆಟದೊಳಗೇ ಇರಬೇಕಾದ ಮಾಹಿತಿಗಾಗಿ ಫೋನಿನಲ್ಲಿ ಆಡುವವನು ಬ್ರೌಸರ್ ತೆರೆಯಬೇಕಾಗಿರುವುದು ಸರಿಯಲ್ಲ.

ಪಟ್ಟಿ ಕಾಣದಿರುವುದರ ಅಪಾಯ ಹೆಚ್ಚಾಗುವುದು ಅಪರೂಪದ ವಸ್ತುಗಳಲ್ಲಿ. ಕಾದಿರುವವರು ಇದ್ದಾಗ ಮಾತ್ರ ಕಾಪಾಡುವ ನಿಯಮ ಇದು. ಯಾರೂ ಕಾದಿಲ್ಲದ ವಸ್ತುವನ್ನು ತಿಳಿಯದೆ ಅರ್ಧ ದರಕ್ಕೆ ಇಟ್ಟರೆ ಆಗ ಮೊದಲು ಬಂದವನು ನಾನೇ ಆಗುತ್ತೇನೆ, ನನ್ನ ದರವೇ ವ್ಯವಹಾರದ ದರವಾಗುತ್ತದೆ, ಮತ್ತು ಆಮೇಲೆ ಪೂರ್ಣ ಬೆಲೆ ಕೊಡಲು ಬಂದವನಿಗೆ ಉಳಿತಾಯವಾಗುತ್ತದೆ. ಸಾಮಾನ್ಯ ಸರಕಿಗಾದರೆ ಕೆಳಗೊಂದು ನೆಲವಿದೆ. ಮ್ಯಾಜಿಕ್ ಎಂಬ ಕೌಶಲದ 55ನೇ ಹಂತದಲ್ಲಿ ಸಿಗುವ ಹೈ ಆಲ್ಕೆಮಿ ಮಂತ್ರ ವಸ್ತುವನ್ನು ಅದರ ಮೂಲಬೆಲೆಯ ಶೇ. 60ರಷ್ಟು ನಾಣ್ಯವಾಗಿ ಮಾಡುತ್ತದೆ. ರೂನ್ ಪ್ಲೇಟ್‌ಬಾಡಿ ಎಂಬ ಕವಚ ಹೀಗೆ 39,000 ನಾಣ್ಯ ಕೊಡುತ್ತದೆ. ಮಂತ್ರಕ್ಕೆ ಬೇಕಾದ ನೇಚರ್ ರೂನ್‌ನ ಖರ್ಚು ಕಳೆದ ಮೊತ್ತಕ್ಕಿಂತ ಅದರ ದರ ಕಟ್ಟೆಯಲ್ಲಿ ಹೆಚ್ಚು ಕೆಳಗಿಳಿಯದು, ಇಳಿದರೆ ಮಂತ್ರ ಹಾಕುವವರು ಕೂಡಲೇ ಕೊಂಡುಬಿಡುತ್ತಾರೆ.

ಬೇರೆ ಆಟಗಳ ಜೊತೆ ಹೋಲಿಸುವಾಗ ಮೊದಲು ನೆನಪಾಗುವುದು ಡಯಾಬ್ಲೊ 3. ಅಲ್ಲಿ 2012ರ ಜೂನ್‌ನಲ್ಲಿ ನಿಜವಾದ ಹಣದ ಹರಾಜು ಮನೆಯನ್ನೇ ತೆರೆದರು, ಮತ್ತು 2014ರ ಮಾರ್ಚ್ 18ರಂದು ಮುಚ್ಚಿದರು. ರಾಕ್ಷಸರನ್ನು ಕೊಂದು ಒಳ್ಳೆಯ ಆಯುಧ ಪಡೆಯುವುದೇ ತಿರುಳಾಗಿದ್ದ ಆಟದಲ್ಲಿ, ಆ ಆಯುಧ ಅಂಗಡಿಯಲ್ಲಿ ಅಗ್ಗವಾಗಿ ಸಿಗತೊಡಗಿದ ಮೇಲೆ ಆಡುವುದಕ್ಕೆ ಕಾರಣವೇ ಉಳಿಯಲಿಲ್ಲ. ರೂನ್‌ಸ್ಕೇಪ್‌ನಲ್ಲಿ ಹಾಗಾಗದಿರಲು ಮಾರುಕಟ್ಟೆಯ ಹೊರಗಿನ ಒಂದು ಕಾರಣವಿದೆ. ಕತ್ತಿಯನ್ನು ಕೊಳ್ಳಬಹುದು, ಆದರೆ ಅದನ್ನು ಹಿಡಿಯಲು ಬೇಕಾದ ಹಂತವನ್ನು ಕಟ್ಟೆಯಲ್ಲಿ ಮಾರುವುದಿಲ್ಲ. ಎಷ್ಟೋ ಆಯುಧಗಳಿಗೆ ಒಂದು ಕ್ವೆಸ್ಟ್, ಅಂದರೆ ಆಟದೊಳಗಿನ ಒಂದು ಸಾಹಸ ಕಥೆ, ಮುಗಿಸಿರಲೇಬೇಕು. ಜೊತೆಗೆ ಕೊಳ್ಳುವವನಿಗೆ ಬೇಕಾದ ಮೀನು, ದಿಮ್ಮಿ, ಸೊಪ್ಪುಗಳನ್ನು ಇನ್ನೊಬ್ಬ ಆಟಗಾರ ಕುಳಿತು ಸಂಪಾದಿಸಲೇಬೇಕಾದ್ದರಿಂದ ಹೊಸಬನ ದುಡಿಮೆಗೂ ಇಲ್ಲಿ ಗಿರಾಕಿ ಇದ್ದಾನೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಹರಾಜು ಮನೆ ಶೇ. 5 ಕಡಿತ ಮಾಡುತ್ತದೆ, ಮೇಲೆ ಠೇವಣಿ ಬೇರೆ. ಒಂದು ಕಾಸು ಕಡಿಮೆ ಇಟ್ಟು ಮುಂದೆ ನುಗ್ಗುವ ಪೈಪೋಟಿಯನ್ನು ನೋಡಿ ನನಗೆ ದಣಿವಾಗಿದೆ. ಈವ್ ಆನ್‌ಲೈನ್ ಮಾತ್ರ ಒಂದು ವಿಷಯದಲ್ಲಿ ಮೇಲು: ಅಲ್ಲಿ ಕಾದಿರುವ ಪ್ರತಿ ಆರ್ಡರ್ ಕೂಡ ದರ, ಪ್ರಮಾಣ, ಜಾಗದ ಸಮೇತ ಕಾಣುತ್ತದೆ. ಸರಕನ್ನು ನಾವೇ ಹಡಗಿನಲ್ಲಿ ಸಾಗಿಸಬೇಕಾದ ಆ ಆಟ ಹೊಸಬನಿಗೆ ಕಠಿಣ; ಆದರೂ ಅಲ್ಲಿನ ಪಾರದರ್ಶಕತೆ ಅನುಕರಣೆಗೆ ಯೋಗ್ಯ.

ಈ ಕಟ್ಟೆಯಲ್ಲಿ ನಿಜವಾದ ಹಣಕ್ಕೆ ಸಂಬಂಧಿಸಿದ ಸರಕು ಬಾಂಡ್ ಒಂದೇ. ಒಬ್ಬರು ಹಣ ಕೊಟ್ಟು ಸಂಸ್ಥೆಯಿಂದ ಬಾಂಡ್ ಪಡೆದು ಇಲ್ಲಿ ಚಿನ್ನಕ್ಕೆ ಮಾರುತ್ತಾರೆ. ಇನ್ನೊಬ್ಬರು ಆಟದ ಚಿನ್ನ ಕೊಟ್ಟು ಕೊಂಡು 14 ದಿನಗಳ ಚಂದಾ ಪಡೆಯುತ್ತಾರೆ. ಇಲ್ಲಿ ಕೊಂಡ ಬಾಂಡನ್ನು ಹಾಗೆಯೇ ಮತ್ತೆ ಮಾರಲಾಗದು. ಮಾರ್ಗದರ್ಶಿ ದರದ ಶೇ. 10 ಕೊಟ್ಟ ಮೇಲಷ್ಟೇ ಅದು ಮತ್ತೆ ಮಾರಾಟಕ್ಕೆ ಬರುತ್ತದೆ, ಆದ್ದರಿಂದ ಬಾಂಡ್ ದಾಸ್ತಾನಿಟ್ಟು ಆಡುವ ಸಟ್ಟಾ ಲಾಭಕರವಲ್ಲ. ವಿದೇಶಿ ಲೆಕ್ಕದ ಚಂದಾ ಕಟ್ಟಲಾಗದ ವಿದ್ಯಾರ್ಥಿಗಳು ನಮ್ಮಲ್ಲಿ ಈ ದಾರಿಯಿಂದಲೇ ಪೂರ್ಣ ಆಟ ಆಡುವುದನ್ನು ಕಂಡಿದ್ದೇನೆ. ನಿಯಮದ ಹೊರಗಿನ ಚಿನ್ನದ ಮಾರಾಟ ಇದರಿಂದ ನಿಂತಿಲ್ಲ. ಆರ್ಥಿಕ ಕುಸಿತದ ವರ್ಷಗಳಲ್ಲಿ ವೆನೆಜುವೆಲಾದ ಎಷ್ಟೋ ಜನ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಮೂಳೆ ಮತ್ತು ಚರ್ಮವನ್ನು ಮಾರಿ, ಆ ಚಿನ್ನದಿಂದ ಹೊಟ್ಟೆ ಹೊರೆದದ್ದು ಎಲ್ಲರಿಗೂ ತಿಳಿದ ಸಂಗತಿ. ನಾನು ಅಗ್ಗಕ್ಕೆ ಕೊಂಡ ಮೂಳೆಗಳ ಹಿಂದೆ ಅವರ ರಾತ್ರಿಗಳಿದ್ದವು ಎಂಬುದನ್ನು ಮುಖ ಕಾಣದ ಈ ಕಟ್ಟೆ ನನಗೆ ಎಂದೂ ತಿಳಿಸಲಿಲ್ಲ.

ಮಾರುಕಟ್ಟೆಯೇ ಬೇಡವೆನ್ನುವವರಿಗೆ 2014ರಿಂದ ಐರನ್‌ಮ್ಯಾನ್ ಎಂಬ ಬಗೆಯಿದೆ. ಅವರು ಬೇಕಾದುದನ್ನೆಲ್ಲ ತಾವೇ ಸಂಪಾದಿಸಬೇಕು, ಬಾಂಡ್ ಹೊರತು ಬೇರೇನನ್ನೂ ಇಲ್ಲಿ ಕೊಳ್ಳುವಂತಿಲ್ಲ. ಉಳಿದವರಿಗೆ, ಅದರಲ್ಲೂ ಹೊಸದಾಗಿ ಆಡತೊಡಗಿದವರಿಗೆ, ನಾನು ಈ ಕಟ್ಟೆಯನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ದಿನಬಳಕೆಯ ಸರಕನ್ನು ತುಸು ಹೆಚ್ಚು ದರ ನಮೂದಿಸಿ ಧೈರ್ಯವಾಗಿ ಕೊಳ್ಳಿ, ಉಳಿದದ್ದು ಮರಳಿ ಬರುತ್ತದೆ. ಅಪರೂಪದ ವಸ್ತುವನ್ನು ಮಾರುವ ಮೊದಲು ವಿಕಿಯ ದರ ನೋಡಿ, ಒಂದೆರಡು ದಿನ ಕಾಯಲು ಸಿದ್ಧರಾಗಿ. ಅಂಗಳದಲ್ಲಿ ಯಾರಾದರೂ ತಾವಾಗಿ ಬಂದು ಒಳ್ಳೆಯ ದರ ಕೊಡುತ್ತೇನೆಂದರೆ ಗುಮಾಸ್ತನ ಕಡೆಗೆ ತಿರುಗಿ. ಸಂಸ್ಥೆಯವರಲ್ಲಿ ನನ್ನ ಕೋರಿಕೆ ಒಂದೇ: ಪ್ರತಿ ವಸ್ತುವಿನ ಎದುರು ಕೊಳ್ಳುವವರ ಮೇಲಿನ ಐದು ದರ, ಮಾರುವವರ ಕೆಳಗಿನ ಐದು ದರ, ಇಷ್ಟನ್ನು ಆಫರ್ ಪರದೆಯಲ್ಲಿಯೇ ತೋರಿಸಲಿ.